ಲಿಫ್ಟ್ ಕಿಟ್ ಆಮೇಲೆ, ಮೊದಲು ತೂಕದ ಚೀಟಿ

ಟೊಯೋಟಾ ಟಕೋಮಾ ಪಿಕಪ್ ಇದೆ, ಇಬ್ಬರು ಮಕ್ಕಳು, ಗಾಡಿಯ ಹಿಂಭಾಗದಲ್ಲಿ ಕೂರಿಸಿ ಮಲಗೋಕೆ ಚಾವಣಿ ಮೇಲೆತ್ತೋ ಪಾಪ್-ಅಪ್ ಕ್ಯಾಂಪರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ, ಕೈಯಲ್ಲಿ 6,000 ಡಾಲರ್ ಉಳಿದಿದೆ. ಮೊದಲು ಗಾಡಿ ಎತ್ತರಿಸೋ ಲಿಫ್ಟಾ, ದೊಡ್ಡ ಟೈರಾ, ಸೋಲಾರಾ ಅಂತ ಕೇಳಿದ್ದೀರಿ. ಮೂರೂ ಬೇಡ. ಈ ಪ್ರಶ್ನೆಯನ್ನು ಇದೇ ಕ್ರಮದಲ್ಲಿ ನಾನೂ ಕೇಳಿಕೊಂಡಿದ್ದೆ. ಮೂರನ್ನೂ ಹಾಕಿಸಿದೆ, ನಾಲ್ಕನೆಯದಾಗಿ ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗೋ ಏರ್‌ಬ್ಯಾಗ್ ಸೇರಿಸಿದೆ, ಕೊನೆಗೆ ಚಾಸಿ ಬಗ್ಗಿದ ಗಾಡಿಯನ್ನು ಸಿಕ್ಕಷ್ಟಕ್ಕೆ ಮಾರಿದೆ.

ನನ್ನದೂ ನಿಮ್ಮದರಂಥದ್ದೇ ಮಿಡ್‌ಸೈಜ್ ಪಿಕಪ್. ಬ್ರಾಂಡ್ ಹೇಳಲ್ಲ, ಯಾಕೆಂದರೆ ತಪ್ಪು ಗಾಡಿಯದಲ್ಲ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕ್ಕರ್ ಇರುತ್ತೆ: ಕೂತವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ನನ್ನದರಲ್ಲಿ 1,120 ಇತ್ತು. ಕ್ಯಾಂಪರ್ ಬ್ರೋಷರ್‌ನಲ್ಲಿ 'ಡ್ರೈ ವೆಯ್ಟ್' 1,010. ಕಳೆದೆ, 110 ಉಳಿಯಿತು, ಸಾಕು ಅಂದುಕೊಂಡೆ.

ಆ ಒಂದು ಕಳೆಯೋ ಲೆಕ್ಕದಲ್ಲಿ ಎರಡು ತಪ್ಪಿದ್ದವು. ಒಂದು, 'ಕೂತವರು' ಅನ್ನೋ ಪದವನ್ನು ಓದಿಯೂ ಓದದ ಹಾಗೆ ಬಿಟ್ಟಿದ್ದು. ಪೇಲೋಡ್, ಅಂದರೆ ಆ ಸ್ಟಿಕ್ಕರ್ ಹೇಳೋ ಹೊರೆ, ಹಿಂದಿನ ಬೆಡ್ (ಸಾಮಾನು ತುಂಬೋ ತೊಟ್ಟಿ) ಮೇಲಿಡೋ ತೂಕ ಮಾತ್ರ ಅಂತ ನನ್ನ ತಲೆಯಲ್ಲಿತ್ತು. ಅಲ್ಲ, ಡ್ರೈವರ್ ತೂಕವೂ ಅದರೊಳಗೇ ಬರುತ್ತೆ. ನಾವು ನಾಲ್ಕು ಜನ ಸೇರಿ 430 ಪೌಂಡ್. ಎರಡು, ಡ್ರೈ ವೆಯ್ಟ್ ಅಂದರೆ ಬರೀ ಡಬ್ಬ. ಫ್ರಿಜ್, ಫರ್ನೇಸ್, ಎರಡು ಎಜಿಎಂ (ಸೀಸದ) ಬ್ಯಾಟರಿ, ಸೋಲಾರ್ ಪ್ಯಾನೆಲ್, ಆನಿಂಗ್ (ಪಕ್ಕಕ್ಕೆ ಬಿಚ್ಚೋ ನೆರಳಿನ ಬಟ್ಟೆ), ಕ್ಯಾಂಪರ್ ಇಳಿಸೋ ಜ್ಯಾಕ್‌ಗಳು ಎಲ್ಲ 'ಆಪ್ಷನ್'. ನಾನು ಟಿಕ್ ಹಾಕಿದ ಆಪ್ಷನ್‌ಗಳೇ 310 ಪೌಂಡ್ ಆದವು. 20 ಗ್ಯಾಲನ್ ನೀರಿನ ಟ್ಯಾಂಕ್: ಗ್ಯಾಲನ್‌ಗೆ 8.34 ಪೌಂಡ್, ಅಂದರೆ 167. ಎರಡು ಸಣ್ಣ ಪ್ರೊಪೇನ್ ಸಿಲಿಂಡರ್ ತುಂಬಿಸಿದರೆ 40. ಅಕ್ಕಿ, ಬೇಳೆ, ಕುಕ್ಕರ್, ಬೀಡಿನ ದೋಸೆ ಕಾವಲಿ, ಹಾಸಿಗೆ, ಬಟ್ಟೆ, ಮಕ್ಕಳ ಸೈಕಲ್ 180. ಮುಂದೆ ಹಾಕಿಸಿದ ಸ್ಟೀಲ್ ಬಂಪರ್, ಸಿಕ್ಕಿಕೊಂಡ ಗಾಡಿ ಎಳೆಯೋ ರಿಕವರಿ ಸಾಮಾನು 160. ಕೂಡಿಸಿ ನೋಡಿ, 2,297. ಮಿತಿ 1,120. ಅರ್ಧ ಟನ್ನಿಗಿಂತ ಜಾಸ್ತಿ ಹೆಚ್ಚುವರಿ ಹೊರೆ ಹೊರಿಸಿಕೊಂಡು ಎರಡು ವರ್ಷ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದೇನೆ.

ಗಾಡಿ ಹೇಳ್ತಾನೇ ಇತ್ತು, ಕೇಳಿಸಿಕೊಳ್ಳಲಿಲ್ಲ. ಹಿಂಭಾಗ ಕುಸಿದಿತ್ತು. ರಾತ್ರಿ ಎದುರಿನವರು ಲೈಟ್ ಮಿಣುಕಿಸೋರು, ಯಾಕೆಂದರೆ ನನ್ನ ಹೆಡ್‌ಲೈಟ್ ಆಕಾಶ ನೋಡ್ತಿತ್ತು. ಸ್ಟಿಯರಿಂಗ್ ಹಗುರ. ಎತ್ತಿನ ಗಾಡಿಯಲ್ಲಿ ಹಿಂದಕ್ಕೆ ಭಾರ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತಲ್ಲ, ಅದೇ ಕಥೆ. ಆಗ ತೂಕ ಇಳಿಸಬೇಕಿತ್ತು. ನಾನು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ: ಆಕ್ಸಲ್ ಚಾಸಿಗೆ ಬಡಿಯದ ಹಾಗೆ ತಡೆಯೋ ರಬ್ಬರ್ ತುಂಡು (ಬಂಪ್ ಸ್ಟಾಪ್) ಬಿಚ್ಚಿಸಿ ಅಲ್ಲಿಗೆ ಏರ್‌ಬ್ಯಾಗ್ ಕೂರಿಸಿದೆ. 70 ಪಿಎಸ್‌ಐ ಗಾಳಿ ತುಂಬಿದ ಕೂಡಲೇ ಗಾಡಿ ಮಟ್ಟಸವಾಗಿ ನಿಂತಿತು. ನೋಡೋಕೆ ಎಷ್ಟು ಚೆಂದ ಇತ್ತು ಅಂದರೆ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದೆ.

ಈ ಏರ್‌ಬ್ಯಾಗ್ ವಿಷಯ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡಿಕೊಳ್ಳಬೇಡಿ. ಲೀಫ್ ಸ್ಪ್ರಿಂಗ್, ಅಂದರೆ ಲಾರಿ ಕೆಳಗೆ ಒಂದರ ಮೇಲೊಂದು ಪಟ್ಟಿ ಜೋಡಿಸಿರ್ತಾರಲ್ಲ, ಅದು ಭಾರವನ್ನು ಚಾಸಿಗೆ ಎರಡು ಕಡೆ ಒಪ್ಪಿಸುತ್ತೆ: ಆಕ್ಸಲ್‌ಗಿಂತ ಮುಂದೆ ಒಂದು ಹ್ಯಾಂಗರ್, ಹಿಂದೆ ಒಂದು ಶ್ಯಾಕಲ್. ನಡುವೆ ಸುಮಾರು ನಾಲ್ಕಡಿ ಅಂತರ. ಹೊಡೆತ ಹಂಚಿಹೋಗುತ್ತೆ. ಏರ್‌ಬ್ಯಾಗ್ ಕೂರೋದು ಆಕ್ಸಲ್‌ನ ನೆತ್ತಿಯ ಮೇಲೆ, ಒಂದೇ ಬಿಂದುವಿನಲ್ಲಿ. ಗಾಳಿ ಹೆಚ್ಚಿಸಿದಷ್ಟೂ ಲೀಫ್ ಹೊರಬೇಕಾದ ಭಾರವನ್ನು ಕಿತ್ತುಕೊಂಡು ಆ ಒಂದು ಬಿಂದುವಿಗೆ ಕೊಡುತ್ತೆ. ಕ್ಯಾಂಪರ್‌ನ ಬಾಲ ಆಕ್ಸಲ್ ಹಿಂದಕ್ಕೆ ಮೂರು ಮೂರೂವರೆ ಅಡಿ ಚಾಚಿರುತ್ತೆ, ಪ್ರತಿ ಗುಂಡಿಗೂ ಅದು ಕೆಳಕ್ಕೆ ಜಗ್ಗುತ್ತೆ. ಮುಂದೆ ಎಂಜಿನ್, ಕ್ಯಾಬಿನ್. ಮಧ್ಯೆ ಏರ್‌ಬ್ಯಾಗ್ ಮಂಡಿಯ ಹಾಗೆ. ಕಡ್ಡಿಯನ್ನು ಮಂಡಿ ಮೇಲಿಟ್ಟು ಎರಡು ತುದಿ ಒತ್ತಿದ ಹಾಗೆ ಚಾಸಿ ಬಗ್ಗುತ್ತೆ. ಜೊತೆಗೆ ಏರ್‌ಬ್ಯಾಗ್‌ನಿಂದ ಬ್ರೇಕ್ ದೊಡ್ಡದಾಗಲ್ಲ, ಬೇರಿಂಗ್ ಗಟ್ಟಿಯಾಗಲ್ಲ, ಬಾಗಿಲಿನ ಲೇಬಲ್ ಮೇಲಿನ ಮಿತಿ ಒಂದು ಪೌಂಡೂ ಏರಲ್ಲ. ಹೆಚ್ಚಿನ ಲೀಫ್ ಹಾಕಿಸಿದರೂ ಅಷ್ಟೇ. ಏರ್‌ಬ್ಯಾಗ್ ಇರೋದು ಮಿತಿಯೊಳಗಿನ ಹೊರೆ ಎಡಬಲ ವಾಲಿದರೆ ಸರಿಮಾಡೋಕೆ, 10-20 ಪಿಎಸ್‌ಐನಲ್ಲಿ. ಕುಸಿತ ಮುಚ್ಚಿಡೋಕೆ ಬಳಸಿದರೆ ನೀವು ಮುಚ್ಚಿಡ್ತಿರೋದು ಎಚ್ಚರಿಕೆಯನ್ನೇ.

ಬಗ್ಗಿದ್ದು ಸಲೈನ್ ವ್ಯಾಲಿ ರಸ್ತೆಯಲ್ಲಿ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್‌ನ ಪಶ್ಚಿಮ ಅಂಚು, ಬಿಗ್ ಪೈನ್ ಊರಿನ ಕಡೆಯಿಂದ ಇಳಿಯೋ ಮಣ್ಣುದಾರಿ. ಹತ್ತಾರು ಮೈಲಿ ತಗಡಿನ ಶೀಟ್ ಮೇಲೆ ಓಡಿಸಿದ ಹಾಗೆ ಅಲೆಅಲೆ. ಪೆಟ್ರೋಲ್ ಇಲ್ಲ, ಸಿಗ್ನಲ್ ಇಲ್ಲ. ಮೂರನೇ ದಿನ ಬೆಳಿಗ್ಗೆ ಕ್ಯಾಬಿನ್‌ಗೂ ಬೆಡ್‌ಗೂ ನಡುವಿನ ಸಂದು ಕಣ್ಣಿಗೆ ಬಿತ್ತು. ಕೆಳಗೆ ಒಂದು ಬೆರಳು ತೂರೋದೂ ಕಷ್ಟ, ಮೇಲೆ ಮೂರು ಬೆರಳು ಸಲೀಸು. ಮಟ್ಟಸವಾಗಿ ನಿಂತ ಗಾಡಿಯಲ್ಲಿ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇರಬೇಕು. ಬಾಲ ಕೆಳಗಿಳಿದಿದೆ, ಚಾಸಿ ಕ್ಯಾಬಿನ್ ಹಿಂದೆ ಬಗ್ಗಿದೆ ಅಂತ ಅರ್ಥ. ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ ಏರ್‌ಬ್ಯಾಗ್ ಬ್ರ್ಯಾಕೆಟ್ ಹತ್ತಿರ ಬಣ್ಣ ಸುಕ್ಕುಗಟ್ಟಿ ಚಕ್ಕೆ ಎದ್ದಿತ್ತು. ಆ ಸುಕ್ಕನ್ನು ನೆನಪಿಡಿ. ಕಬ್ಬಿಣ ಬಿರುಕು ಬಿಡೋ ಮುಂಚೆ ಅದರ ಮೇಲಿನ ಬಣ್ಣ ಹೇಳುತ್ತೆ.

ಏರ್‌ಬ್ಯಾಗ್ ಗಾಳಿ 15ಕ್ಕೆ ಇಳಿಸಿದೆ, ಟ್ಯಾಂಕ್ ನೀರನ್ನು ಅಕ್ಕಪಕ್ಕದ ಕ್ಯಾಂಪಿನವರಿಗೆ ಹಂಚಿದೆ, ಗಂಟೆಗೆ 8-10 ಮೈಲಿಯಲ್ಲಿ ಹೊರಬಂದೆವು. ಹೆದ್ದಾರಿಗೆ ಬಂದ ಮೇಲೆ ಸಿಕ್ಕ ಮೊದಲ ಟ್ರಕ್ ಸ್ಟಾಪ್‌ನಲ್ಲಿ, ಜನ್ಮದಲ್ಲಿ ಮೊದಲ ಸಲ, ತೂಕ ಹಾಕಿಸಿದೆ. ನೀರಿಲ್ಲದೆ, ಸಾಮಾನು ಅರ್ಧ ಖಾಲಿಯಾಗಿ, ಮುಂದಿನ ಆಕ್ಸಲ್ 2,720, ಹಿಂದಿನದು 3,860. ಹಿಂದಿನದರ ಮಿತಿ 3,200 ಚಿಲ್ಲರೆ. ಆ 15 ಡಾಲರ್ ಚೀಟಿಯನ್ನು ಎರಡು ವರ್ಷ ಮೊದಲೇ ತಗೊಂಡಿದ್ದರೆ ಇಷ್ಟು ಉದ್ದ ಉತ್ತರ ಬರೆಯೋ ಅರ್ಹತೆಯೇ ಬರ್ತಿರಲಿಲ್ಲ ಬಿಡಿ. ವಿಮೆಯವರು ಕೈಯೆತ್ತಿದರು. ಅಪಘಾತವಲ್ಲ, ಮಿತಿ ಮೀರಿದ ಹೊರೆ.

ನಿಮಗೆ ಹೇಳೋದು ಇಷ್ಟು. ಕ್ಯಾಂಪರ್ ಬರೋ ಮುಂಚೆ ಪೆಟ್ರೋಲ್ ಟ್ಯಾಂಕ್ ಪೂರ್ತಿ ತುಂಬಿಸಿ, ಇಡೀ ಸಂಸಾರವನ್ನು ಕೂರಿಸಿಕೊಂಡು ಲಾರಿ ತೂಗೋ ಕ್ಯಾಟ್ ಸ್ಕೇಲ್‌ಗೆ ಹೋಗಿ. ಹೆದ್ದಾರಿ ಬದಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಇರುತ್ತೆ. ಮುಂದಿನ ಚಕ್ರ ಮೊದಲ ಹಲಗೆ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ ನಿಲ್ಲಿಸಿ, ಕರೆಗುಂಡಿ ಒತ್ತಿ, ಮಾತಾಡಿದವರಿಗೆ 'ಸ್ವಂತ ಗಾಡಿ' ಅನ್ನಿ. ಮುಂದೆ, ಹಿಂದೆ, ಒಟ್ಟು ಮೂರು ಸಂಖ್ಯೆ ಬರುತ್ತೆ. ಬಾಗಿಲಿನ ಹತ್ತಿರ ಇರೋ ಇನ್ನೊಂದು ಲೇಬಲ್‌ನಲ್ಲಿ ಗಾಡಿಯ ಒಟ್ಟು ತೂಕದ ಮಿತಿ, ಆಕ್ಸಲ್‌ಗಳ ಮಿತಿ ಇರುತ್ತೆ. ಆ ಒಟ್ಟು ಮಿತಿಯಿಂದ ಚೀಟಿಯ ಒಟ್ಟನ್ನು ಕಳೆಯಿರಿ, ಹಿಂದಿನ ಆಕ್ಸಲ್ ಮಿತಿಯಿಂದ ಹಿಂದಿನ ತೂಕ ಕಳೆಯಿರಿ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಕ್ಯಾಂಪರ್‌ಗೆ ಉಳಿದ ಜಾಗ. ಬ್ರೋಷರ್ ತೂಕವನ್ನು ಒಂದೂವರೆ ಪಟ್ಟು ಮಾಡಿ ಅದರ ಜೊತೆ ಹೋಲಿಸಿ. ನನ್ನ 1,010ರ ಡಬ್ಬ ನೀರು, ಗ್ಯಾಸ್, ಆಪ್ಷನ್ ಸೇರಿ 1,527 ಆಗಿತ್ತು.

ನಾಲ್ಕು ಜನ, ಟಕೋಮಾ, ಪೂರ್ತಿ ಸೌಕರ್ಯದ ಪಾಪ್-ಅಪ್: ಈ ಮೂರು ಒಟ್ಟಿಗೆ ಕೂರಲ್ಲ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಅಡ್ವಾನ್ಸ್ ವಾಪಸ್ ಬರುತ್ತಾ ಕೇಳಿ. ಬರಲ್ಲ ಅಂದರೆ ಅದೇ ಆರ್ಡರನ್ನು ಬರೀ ಶೆಲ್‌ಗೆ ಬದಲಾಯಿಸಿ: ಫರ್ನೇಸ್ ಬೇಡ, ಒಳಗಿನ ಸ್ಟೋವ್ ಬೇಡ, ನೀರಿನ ಟ್ಯಾಂಕ್ ಬೇಡ. ಆಗಲೂ ತೂಕ ಹೊಂದದಿದ್ದರೆ ಬೆಣೆಯಾಕಾರದಲ್ಲಿ ತೆರೆಯೋ ಅಲ್ಯೂಮಿನಿಯಂ ಟಾಪರ್ (ಬೆಡ್ ಮೇಲೆ ಕೂರೋ ಹಗುರ ಮುಚ್ಚಳ) ನೋಡಿ. 400 ಪೌಂಡ್ ಆಸುಪಾಸಿನವು ಸಿಗ್ತವೆ. ಇಬ್ಬರು ಮೇಲೆ, ಮಕ್ಕಳು ಕೆಳಗೆ. ಪೂರ್ತಿ ಸೌಕರ್ಯವೇ ಬೇಕು ಅಂದರೆ 'ಮುಕ್ಕಾಲು ಟನ್' ದರ್ಜೆಯ ಫೋರ್ಡ್ ಎಫ್-250, ರಾಮ್ 2500 ಥರದ ದೊಡ್ಡ ಪಿಕಪ್ ತಗೊಳ್ಳಿ, ಅದರಲ್ಲೂ ಪೆಟ್ರೋಲ್ ಎಂಜಿನ್‌ದು. ಡೀಸೆಲ್ ಎಂಜಿನ್ ನೂರಾರು ಪೌಂಡ್ ಹೆಚ್ಚು ತೂಗುತ್ತೆ, ಅಷ್ಟೂ ಪೇಲೋಡ್‌ನಿಂದಲೇ ಹೋಗುತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಬಾಗಿಲು ತೆರೆದು ಸ್ಟಿಕ್ಕರ್ ಓದಿ. ಒಂದೇ ಮಾಡೆಲ್‌ನ ಎರಡು ಗಾಡಿಗಳಿಗೆ ಬೇರೆ ಬೇರೆ ಸಂಖ್ಯೆ ಇರುತ್ತೆ.

ಇನ್ನು ನಿಮ್ಮ 6,000ದ ವಿಷಯ. ಲಿಫ್ಟ್‌ಗೆ ಒಂದು ಡಾಲರೂ ಬೇಡ, ತಲೆಭಾರದ ಗಾಡಿಯನ್ನು ಇನ್ನೂ ಎತ್ತರಿಸಿ ಏನು ಮಾಡ್ತೀರಿ? ಟೈರ್ ಕಂಪನಿ ಸೈಜಿನಲ್ಲೇ ಇರಲಿ, ಆದರೆ ಎಲ್‌ಟಿ, ಲೋಡ್ ರೇಂಜ್ 'ಇ', ಅಂದರೆ ಹೆಚ್ಚು ಹೊರೆ ತಾಳೋ ಲೈಟ್ ಟ್ರಕ್ ಟೈರ್ ಹಾಕಿಸಿ. ಪ್ಯಾಸೆಂಜರ್ ಟೈರ್‌ನ ಗೋಡೆ ತೆಳು. ಪಿಕಪ್‌ಗೆ ಹಾಕಿದಾಗ ಅದರ ಮೇಲೆ ಬರೆದ ಹೊರೆಯನ್ನು 1.1ರಿಂದ ಭಾಗಿಸಬೇಕು ಅನ್ನೋದು ಅಂಗಡಿಯವರು ಹೇಳಲ್ಲ. ಮಣ್ಣುದಾರಿಗೆ ಗಾಳಿ ಇಳಿಸಿದರೆ ಹೊರೆ ತಾಳೋ ಶಕ್ತಿಯೂ ಇಳಿಯುತ್ತೆ. ಕ್ಯಾಂಪರ್ ಹೊತ್ತ ಗಾಡಿಯನ್ನು ನಾನು 25 ಪಿಎಸ್‌ಐಗಿಂತ ಕೆಳಗೆ ಇಳಿಸಲ್ಲ, ಆಗ 25 ಮೈಲಿ ವೇಗ ದಾಟಲ್ಲ. ಡಾಂಬರು ಹತ್ತೋ ಮುಂಚೆ ಗಾಳಿ ತುಂಬಿಸೋಕೆ ಬ್ಯಾಟರಿಗೆ ನೇರ ಕಚ್ಚೋ ಕಂಪ್ರೆಸರ್ ಇಟ್ಟುಕೊಳ್ಳಿ. ಸಿಗರೇಟ್ ಸಾಕೆಟ್‌ನದು ಫ್ಯೂಸ್ ಸುಡುತ್ತೆ.

ಸೋಲಾರ್‌ಗಿಂತ ಮೊದಲು ಬ್ಯಾಟರಿ ಬದಲಾಯಿಸಿ. ಎರಡು ಎಜಿಎಂ ಸೇರಿ 130 ಪೌಂಡ್, ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಹೋಗುತ್ತೆ. 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 25 ಪೌಂಡ್ ಆಸುಪಾಸು, ಕೊಡೋ ಕರೆಂಟ್ ಹೆಚ್ಚುಕಡಿಮೆ ಅಷ್ಟೇ. ನೂರು ಪೌಂಡ್ ಇಳಿಸೋ ಅಪ್‌ಗ್ರೇಡ್ ಇದೊಂದೇ. ಎಂಜಿನ್‌ನಿಂದ ಚಾರ್ಜ್ ಮಾಡೋಕೆ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್, ಬಾನೆಟ್‌ನಿಂದ ಹಿಂದಿನವರೆಗೆ 4 ಗೇಜ್ ತಾಮ್ರದ ವೈರ್, ಎಂಜಿನ್ ಬ್ಯಾಟರಿ, ಕ್ಯಾಂಪರ್ ಬ್ಯಾಟರಿ ಎರಡರ ಬುಡದಲ್ಲೂ 60 ಆಂಪಿಯರ್ ಫ್ಯೂಸ್. ತೆಳು ವೈರ್ ಹಾಕಿದರೆ ಇಪ್ಪತ್ತಡಿ ದಾಟೋಷ್ಟರಲ್ಲಿ ವೋಲ್ಟೇಜ್ ಬಿದ್ದು ಚಾರ್ಜರ್ ಆಫ್ ಆಗುತ್ತೆ, ನೀವು ಚಾರ್ಜರ್ ಕೆಟ್ಟಿದೆ ಅಂದುಕೊಳ್ತೀರಿ. ನಾಲ್ಕು ಗಂಟೆ ಓಡಿಸಿದರೆ ಬ್ಯಾಟರಿ ಫುಲ್. ಫ್ರಿಜ್ ಬೇಸಿಗೆಯಲ್ಲಿ ದಿನಕ್ಕೆ 40-50 ಆಂಪಿಯರ್-ಅವರ್ ತಿನ್ನುತ್ತೆ. ಒಂದೇ ಕಡೆ ಮೂರು ದಿನ ನಿಲ್ಲೋ ಅಭ್ಯಾಸವಿದ್ದರೆ ಮಾತ್ರ ಸೋಲಾರ್. ಈ ಬ್ಯಾಟರಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ಕೆಳಗೆ ಚಾರ್ಜ್ ತಗೊಳ್ಳಬಾರದು, ಅದಕ್ಕೆ ಕ್ಯಾಂಪರ್ ಒಳಗಡೆಯೇ ಇಡಿ.

ಟಕೋಮಾದ ಬೆಡ್ ಉಕ್ಕಿನದಲ್ಲ, ಕಾಂಪೋಸಿಟ್ (ನಾರು ಸೇರಿಸಿದ ಪ್ಲಾಸ್ಟಿಕ್). ಕ್ಯಾಂಪರ್ ಬಿಗಿಯೋ ಐಬೋಲ್ಟ್‌ಗಳ ಕೆಳಗೆ ಅಗಲದ ಬ್ಯಾಕಿಂಗ್ ಪ್ಲೇಟ್ ಹಾಕಿದ್ದಾರಾ ಅಂತ ನೀವೇ ಬಗ್ಗಿ ನೋಡಿ. ಬರೀ ವಾಷರ್ ಇದ್ದರೆ ಬೋಲ್ಟ್ ಒಂದು ದಿನ ಬೆಡ್ ಸೀಳಿಕೊಂಡು ಮೇಲೆ ಬರುತ್ತೆ. ಕ್ಯಾಂಪರ್ ಬಿಗಿದಿಡೋ ತಿರುಪು ಕೊಂಡಿಗಳನ್ನು (ಟರ್ನ್‌ಬಕಲ್) ಮೊದಲ 50 ಮೈಲಿಗೆ, ಆಮೇಲೆ ಮಣ್ಣುದಾರಿಯ ಪ್ರತಿ ದಿನದ ಕೊನೆಗೆ ಕೈಯಿಂದ ಅಲ್ಲಾಡಿಸಿ. ಕ್ಯಾಂಪರ್ ಪಕ್ಕದಲ್ಲಿ ತೂಕದ ಕೇಂದ್ರದ ಬಾಣದ ಗುರುತಿದ್ದರೆ ಅದು ಹಿಂದಿನ ಆಕ್ಸಲ್‌ಗಿಂತ ಮುಂದೆ ಬರಬೇಕು.

ನೀರು ಮನೆಯಿಂದ ಹೊತ್ತೊಯ್ಯಬೇಡಿ, ಕೊನೆಯ ಊರಿನಲ್ಲಿ ತುಂಬಿ. ಮರುಭೂಮಿಯಲ್ಲಿ ಕುಡಿಯೋಕೆ ತಲೆಗೆ ದಿನಕ್ಕೊಂದು ಗ್ಯಾಲನ್, ಮಿಕ್ಕಿದ್ದು ಪಾತ್ರೆಗೆ. ತಟ್ಟೆಯನ್ನು ಮೊದಲು ಪೇಪರ್ ಟವೆಲ್‌ನಲ್ಲಿ ಒರೆಸಿ ಆಮೇಲೆ ಸ್ಪ್ರೇ ಬಾಟಲಿ ಹೊಡೆದರೆ ನೀರು ಅರ್ಧಕ್ಕಿಳಿಯುತ್ತೆ. ಕುಕ್ಕರ್ ಬಿಡಬೇಡಿ, ಅದರ ತೂಕ ನಾನು ಕ್ಷಮಿಸ್ತೀನಿ. 8,000 ಅಡಿ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯೋಕೆ ತುಂಬ ಹೊತ್ತು ಬೇಕು. ಆದರೆ ಕುಕ್ಕರ್ ಆನಿಂಗ್ ಕೆಳಗೆ, ಹೊರಗಡೆ ಇಡಿ. ಒಳಗೆ ನಾಲ್ಕು ವಿಷಲ್ ಕೂಗಿಸಿದರೆ ಆ ಹಬೆಯೆಲ್ಲ ಪಾಪ್-ಅಪ್‌ನ ಬಟ್ಟೆ ಗೋಡೆಗೆ ಹತ್ತಿ, ಬೆಳಗಿನ ಜಾವ ಮೇಲೆ ಮಲಗಿದವರ ಮುಖದ ಮೇಲೆ ತೊಟ್ಟಿಕ್ಕುತ್ತೆ. ಚಳಿ ಎಷ್ಟೇ ಇರಲಿ, ಮೇಲಿನ ವೆಂಟ್ ಮತ್ತು ಒಂದು ಕಿಟಕಿ ಎರಡೆರಡು ಬೆರಳು ತೆರೆದಿರಲಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗೋ ಎತ್ತರದಲ್ಲಿರಲಿ.

ಈ ಶನಿವಾರವೇ ಹೋಗಿ ತೂಕ ಹಾಕಿಸಿ ಬನ್ನಿ. ಚೀಟಿಯ ಮೂರು ಸಂಖ್ಯೆ, ಬಾಗಿಲಿನ ಎರಡು ಲೇಬಲ್‌ಗಳ ಸಂಖ್ಯೆ ಇಲ್ಲಿ ಕೆಳಗೆ ಹಾಕಿ. ಟೈರ್ ಸೈಜ್ ಬಗ್ಗೆ ಆಮೇಲೆ ಮಾತಾಡೋಣ.