ನಾಯಿಗೂ ಬೇರೆ ಬಾಡಿಗೆ ಕೇಳಬಹುದಾ?

ಪ್ರಶ್ನೆ: ಮೇಡಂ, ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ನಮ್ಮ ಹಳೆಯ ಟೌನ್‌ಹೌಸನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ ಅಂತ ಲೀಸ್‌ನಲ್ಲಿ ಬರೆದಿದೆ. ಈಗ ಬಾಡಿಗೆದಾರ ಒಂದು ಪಿಟ್‌ಬುಲ್ ತರುತ್ತಾನಂತೆ. ಅದು ಎಮೋಷನಲ್ ಸಪೋರ್ಟ್ ನಾಯಿ (ಮಾನಸಿಕ ಸಮಸ್ಯೆ ಇರುವವರಿಗೆ ಆಸರೆಯಾಗಿ ಜೊತೆಗಿರುವ ನಾಯಿ), ಥೆರಪಿಸ್ಟ್ ಪತ್ರ ಇದೆ ಅಂತ ಇಮೇಲ್ ಮಾಡಿದ್ದಾನೆ. ಮನೆಗೆಲ್ಲ ಹೊಸ ಕಾರ್ಪೆಟ್ ಹಾಕಿಸಿದ್ದೇವೆ. ಜಾಸ್ತಿ ಡಿಪಾಸಿಟ್, ತಿಂಗಳಿಗೆ 50 ಡಾಲರ್ ಪೆಟ್ ರೆಂಟ್ ಕೇಳಬಹುದಾ? ಇಂಥ ನಾಯಿಗೆ ಅವಕಾಶ ಕೊಡಬೇಕು ಅನ್ನುವ ಕಾನೂನು ಒಂದೇ ಮನೆ ಬಾಡಿಗೆಗೆ ಕೊಡುವವರಿಗೆ ಅನ್ವಯಿಸಲ್ಲ ಅಂತ ಸ್ನೇಹಿತರು ಹೇಳುತ್ತಾರೆ, ನಿಜವಾ?

ಉತ್ತರ: ಪತ್ರ ಸರಿಯಾಗಿದ್ದರೆ ಎರಡನ್ನೂ ಕೇಳುವಂತಿಲ್ಲ. ಅಲ್ಲಿನ ಕಾನೂನಿನ ಕಣ್ಣಲ್ಲಿ ಅದು ಸಾಕುನಾಯಿಯೇ ಅಲ್ಲ, ಹಾಗಾಗಿ ಸಾಕುಪ್ರಾಣಿಗೆ ಅಂತ ಇಟ್ಟ ಶುಲ್ಕ ಅದಕ್ಕೆ ಬೀಳಲ್ಲ. ಗಾಲಿಕುರ್ಚಿಗೆ ಯಾರಾದರೂ ಬೇರೆ ಬಾಡಿಗೆ ಕೇಳುತ್ತಾರಾ? ಹಾಗೇ ಇದು. ಲೀಸ್‌ನಲ್ಲಿ ಬರೆದ ಸಾಲೂ ಇಲ್ಲಿ ನಿಮ್ಮ ಕೈ ಹಿಡಿಯಲ್ಲ.

ಸ್ನೇಹಿತರು ಹೇಳಿದ್ದು ಅರ್ಧ ಸತ್ಯ. ಮನೆ ಕೊಡುವಾಗ ಭೇದಭಾವ ಮಾಡಬಾರದು ಅನ್ನುವ, ಇಡೀ ಅಮೆರಿಕಕ್ಕೆ ಅನ್ವಯಿಸುವ 1968ರ ಫೇರ್ ಹೌಸಿಂಗ್ ಆಕ್ಟ್‌ಗೆ 1988ರಲ್ಲಿ ಅಂಗವೈಕಲ್ಯ ಇರುವವರನ್ನೂ ಸೇರಿಸಿದರು. ಅವರಿಗಾಗಿ ಮನೆಯ ನಿಯಮವನ್ನು ಒಂದಿಷ್ಟು ಸಡಿಲಿಸಬೇಕು ಅನ್ನುವ ಮಾತು ಅಲ್ಲಿಂದ ಬಂತು. ಮಾನಸಿಕ ಕಾಯಿಲೆಯೂ ಅದರಲ್ಲಿ ಸೇರುತ್ತದೆ. ಆ ಕಾನೂನಿನಲ್ಲಿ ಸಣ್ಣ ಓನರ್‌ಗಳಿಗೆ ವಿನಾಯಿತಿ ಇದೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳ ಕಟ್ಟಡದಲ್ಲಿ ಓನರ್ ತಾನೂ ವಾಸ ಮಾಡುತ್ತಿದ್ದರೆ ಅದು ಸಿಗುತ್ತದೆ, ಬ್ರೋಕರ್ ಇಲ್ಲದೆ ತಾನೇ ಬಾಡಿಗೆಗೆ ಕೊಡುವ ಬಿಡಿ ಮನೆಗೂ ಕೆಲವು ಷರತ್ತಿನ ಮೇಲೆ ಸಿಗುತ್ತದೆ. ಆದರೆ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಇನ್ನೂ ಬಿಗಿ. ಅಲ್ಲಿ ಓನರ್ ವಾಸವಿರುವ ಮನೆಯಲ್ಲೇ ಒಬ್ಬರಿಗೆ ರೂಮ್ ಕೊಟ್ಟಿದ್ದರೆ ಮಾತ್ರ ಬಿಡುಗಡೆ. ನೀವು ಆ ಮನೆಯಲ್ಲಿಲ್ಲ, ಅಲ್ವಾ?

ಇನ್ನು ಪತ್ರದ ವಿಷಯ. ನಿಜ ಹೇಳಬೇಕೆಂದರೆ ನಿಮ್ಮ ಕೈಯಲ್ಲಿರುವ ಹಿಡಿತ ಇರುವುದು ಇಲ್ಲೇ, ಕಾರ್ಪೆಟ್‌ನಲ್ಲಿ ಅಲ್ಲ. ಅಮೆರಿಕದಲ್ಲಿ ಇಂಥ ಪ್ರಾಣಿಗಳ ಸರ್ಕಾರಿ ನೋಂದಣಿ ಅಂತ ಯಾವುದೂ ಇಲ್ಲ. ಆದ್ದರಿಂದ ಇಂಟರ್ನೆಟ್‌ನಲ್ಲಿ ದುಡ್ಡು ಕಟ್ಟಿ ತರಿಸಿದ ಸರ್ಟಿಫಿಕೇಟು, ನಾಯಿಗೆ ಹಾಕುವ ಬಣ್ಣದ ಕೋಟು, ಫೋಟೋ ಇರುವ ಐಡಿ ಕಾರ್ಡು ಇವೆಲ್ಲ ಸುಮ್ನೆ ಅಲಂಕಾರ. ಬೇಕಿರುವುದು ಅವನನ್ನು ನಿಜವಾಗಿ ನೋಡುತ್ತಿರುವ, ಲೈಸೆನ್ಸ್ ಇರುವ ವೈದ್ಯರ ಅಥವಾ ಥೆರಪಿಸ್ಟ್‌ರ ಮಾತು. 2022ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ನಾಯಿಗೆ ಇಂಥ ಪತ್ರ ಕೊಡುವವರು ಆ ವ್ಯಕ್ತಿಯನ್ನು ಸಾಮಾನ್ಯವಾಗಿ ಕನಿಷ್ಠ 30 ದಿನಗಳಿಂದ ನೋಡುತ್ತಿರಬೇಕು, ಪತ್ರದಲ್ಲಿ ತಮ್ಮ ಲೈಸೆನ್ಸ್ ನಂಬರ್ ಬರೆಯಬೇಕು. ಆ ನಂಬರನ್ನು ರಾಜ್ಯದ ಲೈಸೆನ್ಸಿಂಗ್ ಬೋರ್ಡ್ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ನೀವು ತಿಳಿಯಬಹುದಾದದ್ದು ಎರಡೇ: ಅವನಿಗೆ ಅಂಗವೈಕಲ್ಯ ಇದೆಯಾ, ಅದಕ್ಕೂ ಈ ನಾಯಿಗೂ ಏನು ಸಂಬಂಧ. ಕಾಯಿಲೆಯ ಹೆಸರೇನು, ಯಾವ ಮಾತ್ರೆ, ಆಸ್ಪತ್ರೆಯ ದಾಖಲೆ ತೋರಿಸು ಅಂತ ಹೋಗಬೇಡಿ. ನಮ್ಮವರಿಗೆ ಈ ಕುತೂಹಲ ಸ್ವಲ್ಪ ಜಾಸ್ತಿ, ಇಲ್ಲಿ ಅದು ನೇರವಾಗಿ ದೂರಿಗೆ ಕಾರಣವಾಗುತ್ತದೆ. ಕುರುಡರು ಗೈಡ್ ನಾಯಿ ಜೊತೆ ಬಂದರಂತೂ ಪತ್ರವನ್ನೇ ಕೇಳಬೇಡಿ, ಕಣ್ಣೆದುರೇ ಕಾಣುತ್ತಿರುತ್ತದೆ. ನಾಯಿಗೆ ಟ್ರೈನಿಂಗ್ ಆಗಿದೆಯಾ ಅಂತ ಪಟ್ಟು ಹಿಡಿಯುವುದೂ ತಪ್ಪು. ಅಂಗಡಿ, ಹೋಟೆಲಿಗೆ ಬರುವ ಸರ್ವೀಸ್ ನಾಯಿಗೆ ತರಬೇತಿ ಆಗಿರಬೇಕು, ಆ ಕಾನೂನೇ ಬೇರೆ. ಮನೆ ವಿಷಯದಲ್ಲಿ ಅದು ಕಡ್ಡಾಯ ಅಲ್ಲ.

ಪಿಟ್‌ಬುಲ್ ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನಲು ಬರಲ್ಲ. ಇದೇ ನಾಯಿ ಹಿಂದೆ ಯಾರನ್ನಾದರೂ ಕಚ್ಚಿದ್ದರೆ ಅದು ಬೇರೆ ಮಾತು, ಆಗ ದಾಖಲೆ ಇಟ್ಟುಕೊಂಡು ವಕೀಲರ ಹತ್ತಿರ ಹೋಗಿ. ಊರಿನ ನಿಯಮದಂತೆ ಲೈಸೆನ್ಸ್, ರೇಬಿಸ್ ಲಸಿಕೆ ಮಾಡಿಸಿರಬೇಕು ಅಂತ ಕೇಳಬಹುದು. ಗಲೀಜು ತೆಗೆಯಬೇಕು, ರಾತ್ರಿಯಿಡೀ ಬೊಗಳಬಾರದು ಅನ್ನುವುದೂ ಸರಿ. ಕಾರ್ಪೆಟ್ ಹಾಳಾದರೆ ಈಗ ಇರುವ ಡಿಪಾಸಿಟ್‌ನಲ್ಲೇ ಹಿಡಿದುಕೊಳ್ಳಿ, ಸಾಲದಿದ್ದರೆ ಬಾಕಿ ಕೇಳಿ. ನಾಯಿ ಬರುವ ಮೊದಲೇ ಮನೆಯ ಮೂಲೆಮೂಲೆ ಫೋಟೋ ತೆಗೆದು, ತಾರೀಖು ಹಾಕಿ ಅವನಿಗೂ ಕಳಿಸಿ.

ಇಮೇಲ್‌ಗೆ ಉತ್ತರ ಕೊಡದೆ ಎಳೆದಾಡಬೇಡಿ. ಸುಮ್ಮನಿದ್ದರೆ ಅದನ್ನೇ ನಿರಾಕರಣೆ ಅಂತ ಎಣಿಸಬಹುದು. ದೂರು ಕೊಡಲು ಅವನಿಗೆ ಒಂದು ವರ್ಷ ಸಮಯ ಇದೆ, ಫೆಡರಲ್ ಕೋರ್ಟಿಗೆ ಹೋಗಲು ಎರಡು ವರ್ಷ.

ಪ್ರಶ್ನೆ: ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. ಬಾಡಿಗೆಯವರು ನಾಯಿ ಸಾಕಲು ನಾನು ಒಪ್ಪಿದ್ದೇನೆ. ಆದರೆ ಅಸೋಸಿಯೇಷನ್‌ನವರು ನಾಯಿ ಕಳಿಸಿ, ಇಲ್ಲ ಮನೆ ಖಾಲಿ ಮಾಡಿಸಿ ಅನ್ನುತ್ತಿದ್ದಾರೆ. ನಾಯಿಯನ್ನು ಲಿಫ್ಟ್‌ಗೂ ಬಿಡುತ್ತಿಲ್ಲ.

ಉತ್ತರ: ಅಸೋಸಿಯೇಷನ್‌ಗೆ ಅಷ್ಟು ಅಧಿಕಾರ ಇಲ್ಲ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಹುಮತದಿಂದ ನಿರ್ಣಯ ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬೇಡ ಅನ್ನುವಂತಿಲ್ಲ, ಅದಕ್ಕೆ ಅಂತ ಬೇರೆ ಹಣವನ್ನೂ ಕೇಳುವಂತಿಲ್ಲ ಅಂತ ಅದರಲ್ಲಿದೆ. ಅದರ ಪ್ರತಿ ಲಗತ್ತಿಸಿ ಸೆಕ್ರೆಟರಿಗೆ ಲಿಖಿತ ಉತ್ತರ ಕೊಡಿ. ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಬೇಡ, ಅಲ್ಲಿ ಗೆದ್ದವರು ಯಾರೂ ಇಲ್ಲ.

ಆದರೆ ಈ ಮಾರ್ಗಸೂಚಿ ಅಸೋಸಿಯೇಷನ್‌ಗೆ. ಓನರ್ ಮತ್ತು ಬಾಡಿಗೆದಾರರ ನಡುವೆ ನಡೆಯುವುದು ಅಗ್ರಿಮೆಂಟ್. ನೀವು ಬಾಯಿಮಾತಲ್ಲಿ ಒಪ್ಪಿದ್ದೀರಿ ಅನ್ನಿಸುತ್ತದೆ. ಅದನ್ನು ಬರಹಕ್ಕೆ ಇಳಿಸಿ: ಎಷ್ಟು ನಾಯಿ, ಲಸಿಕೆ ಯಾರ ಹೊಣೆ, ಬಾಗಿಲು ಕೆರೆದು ಹಾಳಾದರೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತೀರಿ. ಬಾಡಿಗೆಯವರಿಗೂ ಒಂದು ಮಾತು ಹೇಳಿ, ಲಿಫ್ಟ್‌ನಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಮುಂದಿನ ಸಲಕ್ಕೆ ಕಾಯಲಿ.