ಫೋನ್ ಕಿತ್ತುಕೊಂಡರೆ ರಂಪ, ಕೊಟ್ಟರೆ ಮೌನ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮಗನಿಗೆ 9 ವರ್ಷ, ಮಗಳಿಗೆ 4. ಕುಯ್ಲು ಶುರುವಾದ ಮೇಲೆ ತೂಕ, ಲೆಕ್ಕ ಮುಗಿಸಿ ನಾನು ಒಳಗೆ ಬರುವಾಗ ರಾತ್ರಿ ಏಳೂವರೆ. ಅಲ್ಲಿವರೆಗೂ ಮಕ್ಕಳ ಕೈಲಿ ಫೋನ್. ಕಿತ್ತುಕೊಂಡರೆ ಮಗ ಕಿರುಚಾಡಿ ಸಾಮಾನು ಎಸೆಯುತ್ತಾನೆ. ಮಗಳಿಗೆ ಯೂಟ್ಯೂಬ್ ಇಲ್ಲದೆ ತುತ್ತು ಇಳಿಯೋಲ್ಲ, ಅತ್ತೆಯೇ ಹಾಕಿಕೊಡುತ್ತಾರೆ. ಏನಾದರೂ ಅಂದರೆ ಮನಸ್ತಾಪ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮೊದಲು ಮಗನ ವಿಷಯ. ಎಷ್ಟು ಹೊತ್ತು ನೋಡುತ್ತಾನೆ ಅನ್ನುವುದಕ್ಕಿಂತ ಹೇಗೆ ನಿಲ್ಲಿಸುತ್ತೀರಿ ಅನ್ನುವುದರಲ್ಲಿ ಜಗಳದ ಬೇರಿದೆ. ಆಟದ ನಡುವೆ ಕಿತ್ತುಕೊಂಡರೆ ದೊಡ್ಡವರಿಗೂ ಸಿಟ್ಟು ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ರಂಪ ತಾಳಲಾರದೆ 'ತಗೋ, ಇನ್ನು ಐದು ನಿಮಿಷ' ಅಂತ ವಾಪಸ್ ಕೊಡುವುದು. ಹತ್ತು ಸಲದಲ್ಲಿ ಎರಡು ಸಲ ಹಾಗೆ ಕೊಟ್ಟರೂ ಸಾಕು, ಕಿರುಚಿದರೆ ಸಿಗುತ್ತದೆ ಅಂತ ಅವನು ಕಲಿತಾಯಿತು.

ಯೂಟ್ಯೂಬಿನ ಆಟೋಪ್ಲೇ ಇವತ್ತೇ ಆಫ್ ಮಾಡಿ. ಒಂದು ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿ ಶುರುವಾದರೆ ಮಗು ನಿಲ್ಲಿಸುವುದಾದರೂ ಎಲ್ಲಿ? 'ಅರ್ಧ ಗಂಟೆ' ಅನ್ನಬೇಡಿ, 'ಎರಡು ವಿಡಿಯೊ' ಅನ್ನಿ. ಎರಡನೆಯದು ಮುಗಿಯುವ ಮೊದಲು ಪಕ್ಕದಲ್ಲಿ ಕೂತು ಒಂದು ನಿಮಿಷ ನೀವೂ ನೋಡಿ. ಮುಗಿದ ಮೇಲೆ ಫೋನನ್ನು ಚಾರ್ಜಿಗೆ ಅವನೇ ಇಡಲಿ. ನೀವು ಕೈ ಹಾಕಬೇಡಿ. ಗೂಗಲ್ ಫ್ಯಾಮಿಲಿ ಲಿಂಕ್ ಅನ್ನುವ ಆ್ಯಪ್‌ನಲ್ಲಿ ಮಗುವಿನ ಫೋನಿಗೆ ದಿನದ ಮಿತಿ ಹಾಕಬಹುದು, ಆದರೆ ಅವನು ನೋಡುವುದು ನಿಮ್ಮ ಫೋನಿನಲ್ಲಾದರೆ ಅದರಿಂದ ಪ್ರಯೋಜನ ಕಡಿಮೆ. ಮೊದಲ ನಾಲ್ಕೈದು ದಿನ ರಂಪ ಜಾಸ್ತಿಯಾಗುತ್ತದೆ. ಹೆಚ್ಚಿನವರು ಸೋಲುವುದು ಅಲ್ಲೇ. ಎಸೆಯುವ ಸಾಮಾನು ದೂರ ಸರಿಸಿ, ಮಾತು ಕಡಿಮೆ ಮಾಡಿ, ಕಾಯಿರಿ.

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುವ ಮಿತಿ 2ರಿಂದ 5 ವರ್ಷದವರಿಗೆ ದಿನಕ್ಕೆ 1 ಗಂಟೆ, 5ರಿಂದ 10ರವರಿಗೆ 2 ಗಂಟೆಯೊಳಗೆ. ಸದ್ಯಕ್ಕೆ ಅದನ್ನು ಗೋಡೆಗೆ ಅಂಟಿಸುವ ಅಗತ್ಯವಿಲ್ಲ. ನಿಮ್ಮ ಮನೆಯಲ್ಲಿ ಖಾಲಿ ಬಿದ್ದಿರುವುದು ಐದೂವರೆಯಿಂದ ಏಳೂವರೆ. ಫೋನ್ ತೆಗೆದು ಆ ಜಾಗಕ್ಕೆ ಏನೂ ಇಡದಿದ್ದರೆ ಅದು ತಿರುಗಿ ಅಲ್ಲಿಗೇ ಬರುತ್ತದೆ. ಮಗನನ್ನು ತೂಕದ ಹತ್ತಿರ ಕರೆದುಕೊಳ್ಳಿ. ಒಂಬತ್ತು ವರ್ಷದ ಹುಡುಗ ಕಾಟಾ ನೋಡಿ 'ನಲವತ್ತೆರಡೂವರೆ' ಅಂತ ಕೂಗಿ ಪುಸ್ತಕದಲ್ಲಿ ಬರೆಯಬಲ್ಲ. ಮೂಟೆ ಎತ್ತುವುದು ಬೇಡ, ಇಪ್ಪತ್ತು ನಿಮಿಷ ಸಾಕು. ತಪ್ಪು ಬರೆದರೆ ಆಳುಗಳ ಎದುರು ಬಯ್ಯದೆ, ಆಮೇಲೆ ಕೂತು ಇಬ್ಬರೂ ಲೆಕ್ಕ ಕೂಡಿ.

ಮಗಳ ಊಟಕ್ಕೆ ಬೇರೆ ಕ್ರಮ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹಸಿವೂ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಮೂರು ಹೊತ್ತೂ ಒಟ್ಟಿಗೆ ಬದಲಿಸಲು ಹೋಗದೆ, ಹಸಿವು ಹೆಚ್ಚಿರುವ ಒಂದೇ ಹೊತ್ತಿನಿಂದ ಶುರು ಮಾಡಿ. ಅದಕ್ಕೆ ಎರಡು ಗಂಟೆ ಮೊದಲು ಹಾಲು, ಬಿಸ್ಕತ್ತು ಬೇಡ. ಅರ್ಧ ಅಕ್ಕಿ ರೊಟ್ಟಿಯನ್ನು ಅವಳೇ ಮುರಿದು ತಿನ್ನುವಂತೆ ತಟ್ಟೆಯಲ್ಲಿಡಿ. ಚೆಲ್ಲಲಿ. ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತಿಬಿಡಿ, ಗದರುವುದೂ ಬೇಡ, ಪುಸಲಾಯಿಸುವುದೂ ಬೇಡ. ಎರಡು ಮೂರು ದಿನ ಕಡಿಮೆ ತಿಂದರೆ ಆರೋಗ್ಯವಂತ ಮಗುವಿಗೆ ತೊಂದರೆಯಿಲ್ಲ. ತೂಕ ಇಳಿಯುತ್ತಿದ್ದರೆ, ಅಥವಾ ನಾಲ್ಕು ತುಂಬಿದರೂ ವಾಕ್ಯ ಕಟ್ಟಿ ಮಾತಾಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಅತ್ತೆಯವರಿಗೆ 'ಫೋನ್ ಕೊಡಬೇಡಿ' ಅಂದರೆ ಅದು ತಪ್ಪು ಹೊರಿಸಿದ ಹಾಗೆ. ಮೊಮ್ಮಗಳು ಹಸಿದಿರಬಾರದು ಅನ್ನುವುದಷ್ಟೇ ಅವರ ಆತಂಕ. 'ಅತ್ತೆ, ನಿಮ್ಮ ಹತ್ತಿರವಾದರೆ ಕೂತು ತಿಂತಾಳೆ, ಈ ಹದಿನೈದು ದಿನ ರಾತ್ರಿ ಊಟ ನಿಮ್ಮದು, ಫೋನ್ ನನ್ನ ಹತ್ತಿರ ಇರಲಿ' ಅಂತ ಕೇಳಿ ನೋಡಿ. ಊಟವಾದ ಮೇಲೆ ಹುಣಸೆ ಬೀಜ ತೇಯ್ದು ಮೊಮ್ಮಗನ ಜೊತೆ ಚೌಕಾಬಾರಕ್ಕೆ ಕೂತರೆ ಅವರೇ ಗೆಲ್ಲುತ್ತಾರೆ.

ಪತ್ರದಲ್ಲಿ ನಿಮ್ಮ ಯಜಮಾನರ ಸುದ್ದಿಯೇ ಇಲ್ಲ. ಎಂಟರಿಂದ ಎಂಟೂವರೆಯವರೆಗೆ ಅವರ ಫೋನೂ ನಿಮ್ಮದೂ ಅದೇ ಚಾರ್ಜರಿನ ಪಕ್ಕದಲ್ಲಿರಬೇಕು. ರಿಂಗ್ ಆನ್ ಇಟ್ಟರೆ ಅರ್ಜೆಂಟ್ ಕರೆ ತಪ್ಪುವುದಿಲ್ಲ. ಕಾಫಿ ರೇಟು ಎಂಟೂವರೆಗೆ ನೋಡಿದರೂ ಅಷ್ಟೇ ಇರುತ್ತದೆ.