ಸುಕ್ಕೋತ್ ಊಟಕ್ಕೆ ಕರೆದಿದ್ದಾರಾ? ಹೋಗು

ತಂಗಿ, ಇಸ್ರೇಲಿನಲ್ಲಿ ನೀನು ನೋಡಿಕೊಳ್ಳುವ ಅಜ್ಜಿಯ ಮಗ ಯಹೂದಿಗಳ ಸುಕ್ಕೋತ್ ಹಬ್ಬಕ್ಕೆ ಬಾಲ್ಕನಿಯಲ್ಲಿ ಚಪ್ಪರ ಕಟ್ಟುತ್ತಿದ್ದಾನೆ, ನಿನ್ನನ್ನೂ ಊಟಕ್ಕೆ ಕರೆದಿದ್ದಾರೆ, ಏನು ಮಾಡಿಕೊಂಡು ಹೋಗಲಿ ಅಂತ ಕೇಳಿದ್ದೀಯಲ್ಲ. ಏನೂ ಮಾಡಬೇಡ ಮಾರಾಯ್ತಿ. ಕೋಷರ್, ಅಂದರೆ ಯಹೂದಿಗಳ ಆಹಾರ ನಿಯಮ, ಪಾಲಿಸುವ ಮನೆಯಲ್ಲಿ ನಿನ್ನ ಬಾಣಲೆಯ ಅಡುಗೆ ನಡೆಯುವುದಿಲ್ಲ. ಆಸೆಪಟ್ಟು ಮಾಡಿದ ನೀರುದೋಸೆ ತಟ್ಟೆಯಲ್ಲೇ ಉಳಿದರೆ ಇಬ್ಬರಿಗೂ ಮುಜುಗರ. ಕೊಡಲೇಬೇಕು ಅನ್ನಿಸಿದರೆ ಯಾವ ಕೋಷರ್ ಮುದ್ರೆಯ ಪ್ಯಾಕೆಟ್ ಆಗುತ್ತದೆ ಅಂತ ಸೊಸೆಯನ್ನು ಕೇಳಿ ತಾ. ವೈನ್ ಬಾಟಲಿ ಮಾತ್ರ ನೀನಾಗಿ ಮುಟ್ಟಬೇಡ, ಅದಕ್ಕೂ ಕಟ್ಟಳೆಯಿದೆ. ಮಡಿ ಮೈಲಿಗೆ ನೋಡಿ ಬೆಳೆದ ನಮಗೆ ಇದೇನು ಹೊಸತಲ್ಲ ಬಿಡು.

ಆ ಚಪ್ಪರಕ್ಕೆ ‘ಸುಕ್ಕಾ’ ಅಂತಾರೆ. ಮಾಡಿಗೆ ಕಡಿದು ತಂದ ಸೊಪ್ಪು, ಖರ್ಜೂರದ ಗರಿ ಹಾಸಬೇಕು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ರಾತ್ರಿ ಸಂದಿಯಲ್ಲಿ ನಕ್ಷತ್ರ ಕಾಣುವಷ್ಟು ತೆಳುವಾಗಿರಬೇಕು. ಹಬ್ಬ ಶುರುವಾಗುವುದೇ ಹುಣ್ಣಿಮೆಗೆ, ಹಾಗಾಗಿ ಮೊದಲ ರಾತ್ರಿ ಚೆಂದ. ಅಜ್ಜಿಗೆ ಚಳಿಯಾದರೆ ಹೆದರದೆ ಒಳಗೆ ಕರೆದುಕೊಂಡು ಬಾ: ಸುಕ್ಕಾದಲ್ಲೇ ಊಟ ಮಾಡಬೇಕೆಂಬ ನಿಯಮದಿಂದ ಕಾಯಿಲೆಯವರಿಗೆ ವಿನಾಯಿತಿಯಿದೆ, ಅವರ ಆರೈಕೆ ಮಾಡುವವರಿಗೂ ಇದೆ. ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ಹಿಂದಿನ ರಬ್ಬಿಗಳಿಗೂ (ಯಹೂದಿ ಧರ್ಮಗುರುಗಳಿಗೂ) ನಮ್ಮಂಥವರ ನೆನಪಿತ್ತು ನೋಡು.

ಹಬ್ಬಕ್ಕೆ ಎರಡು ದಿನ ಮುಂಚೆ ಬಿಡುವಾದರೆ ಜೆರುಸಲೇಮಿನ ಮಹಾನೆ ಯೆಹುದಾ ಮಾರುಕಟ್ಟೆ ಕಡೆ ಹೋಗು. ಗಡ್ಡ ಬಿಟ್ಟ ಗಂಡಸರು ಭೂತಗನ್ನಡಿ ಹಿಡಿದು ಒಂದೊಂದು ಎತ್ರೋಗ್ ಹಣ್ಣನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿರುತ್ತಾರೆ. ನಮ್ಮ ಮಾದಳದ ಹಣ್ಣೇ ಅದು. ಸಿಪ್ಪೆಯ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ವಾಪಸ್ ಡಬ್ಬಿಗೆ. ಖರ್ಜೂರದ ಸುಳಿ, ಮರ್ಟಲ್, ವಿಲ್ಲೋ ಟಿಸಿಲುಗಳ ಜೊತೆ ಅದನ್ನೂ ಹಿಡಿದು ಅಲ್ಲಾಡಿಸಿ ಪ್ರಾರ್ಥಿಸುತ್ತಾರೆ.

ಮೊದಲ ದಿನವೂ ಎಂಟನೆಯ ದಿನವೂ ಬಸ್ ಇಲ್ಲ, ಅಂಗಡಿ ಮುಚ್ಚಿರುತ್ತವೆ. ಹಾಲು, ಮಾತ್ರೆ ಮೊದಲೇ ತಂದಿಟ್ಟುಕೋ. ನಡುವಿನ ದಿನಗಳಲ್ಲಿ ಶಾಲೆಗೆ ರಜೆ, ಎಲ್ಲಿ ಹೋದರೂ ಜನ. ಜೆರುಸಲೇಮಿನಲ್ಲಿ ಯಹೂದಿಗಳ ಪವಿತ್ರ ಸ್ಥಳವಾದ ಪಶ್ಚಿಮ ಗೋಡೆಯಲ್ಲಿ ಪುರೋಹಿತರ ಆಶೀರ್ವಾದದ ದಿನ ಅಂತೂ ಗಾಲಿಕುರ್ಚಿ ತಳ್ಳಿಕೊಂಡು ಆ ಕಡೆ ಹೋಗಲೇಬೇಡ.

ಇನ್ನೊಂದು, ನೀನು ಕೇಳದ್ದು. ಹಬ್ಬದ ರಜೆಗೆ ಅವರ ಹಬ್ಬಗಳನ್ನೋ ನಿನ್ನ ಧರ್ಮದ ಹಬ್ಬಗಳನ್ನೋ ಆರಿಸಿಕೊಳ್ಳುವ ಅವಕಾಶ ನಿನಗಿದೆ. ಕ್ರಿಸ್ಮಸ್, ಈಸ್ಟರ್ ಬರೆಸಿದ್ದರೆ ಸುಕ್ಕೋತ್ ನಿನಗೆ ಕೆಲಸದ ದಿನವೇ. ಅವರ ಹಬ್ಬವನ್ನೇ ಆರಿಸಿದ್ದರೆ, ಮೇಜಿಗೆ ಕರೆದು ಕೂರಿಸಿದ್ದನ್ನೇ ರಜೆ ಅಂತ ಲೆಕ್ಕ ಹಾಕಲು ಬಿಡಬೇಡ. ಈಗಲೇ ಮಾತಾಡಿ ಬರೆಸಿಕೋ.